ಮಾತಾಡದ ಅಧ್ಯಕ್ಷೆ

ಜೂನ್ 9, ಸೋಮವಾರ

ಅತ್ತೆ ಅಧ್ಯಕ್ಷೆ ಆದರು — ನಮ್ಮ ಅತ್ತೆ, ಬಸಲಿಂಗವ್ವ, ಓಣಿಯ ಮಹಿಳಾ ನೇಕಾರರ ಸಂಘಕ್ಕೆ, ನಲವತ್ತೆರಡು ಹೆಂಗಸರಿಗೆ, ಎದುರಾಳಿಯೇ ಇಲ್ಲದೆ. ಸುದ್ದಿ ಬಂದಾಗ ಕಂಡಿಕೆ ಸುತ್ತುತ್ತಿದ್ದೆ. ನೂಲು ಕಂಡಿಕೆಗಿಂತ ನನ್ನ ಬೆರಳಿಗೇ ಹೆಚ್ಚು ಸುತ್ತಿಕೊಳ್ಳುತ್ತದೆ, ಇರಲಿ. ಎಲ್ಲ ಬಿಟ್ಟು ಎದ್ದು ಕುಣಿದೆ. ಮದುವೆಯಾಗಿ ನಲವತ್ತು ದಿನ, ಆಗಲೇ ಪ್ರೆಸಿಡೆಂಟ್ ಮನೆಯ ಸೊಸೆ. ಅತ್ತೆಯ ಫೋಟೊ ಸ್ಟೇಟಸ್‌ಗೆ ಹಾಕಿದೆ. ಬಾಗಲಕೋಟೆಯ ನವನಗರದಿಂದ ಅಮ್ಮ, ಕಾಲೇಜಿನ ಗೆಳತಿಯರು, ಎಲ್ಲರಿಂದಲೂ ಹಾರ್ಟ್ ಬಂತು.

ಅತ್ತೆ ಮನೆಗೆ ಬಂದರು. ಚಪ್ಪಲಿ ಬಿಟ್ಟರು. ರೊಟ್ಟಿ ಬಡಿಯಲು ಕುಳಿತರು.

‘ಖುಷಿ ಆತೇನ್ರಿ ಅತ್ತಿ?’

‘ಹ್ಞೂಂ.’

ಅಷ್ಟೇ. ಇಡೀ ಇಳಕಲ್ಲಿಗೆ ಕೇಳುವಂತೆ ನಾನು ಖುಷಿಪಡುತ್ತಿದ್ದೇನೆ, ಅಧ್ಯಕ್ಷೆ ಮಾತ್ರ ‘ಹ್ಞೂಂ’. ನನ್ನ ಗಂಡ ಅನಿಲ ಹುನಗುಂದದ ಕೋರ್ಟಿನಿಂದ — ಅಲ್ಲಿ ಟೈಪಿಸ್ಟ್ — ಬರುವಾಗ ಎರಡು ಮೊಳ ಮಲ್ಲಿಗೆ ತಂದ. ಒಂದು ನನಗೆ, ಒಂದು ಅಧ್ಯಕ್ಷರಿಗೆ. ಎಷ್ಟು ಒಳ್ಳೆಯವನು.

ಜೂನ್ 10, ಮಂಗಳವಾರ

ನಿನ್ನೆ ಬರೆದ ಕೊನೆಯ ಮಾತು ಹಿಂದಕ್ಕೆ.

ನಾಗಲಿಂಗ ಕಾಕಾ ಬಂದಿದ್ದರು. ತೀರಿಹೋದ ನಮ್ಮ ಮಾವನ ತಮ್ಮ. ಸಂಘದ ಕಾರ್ಯದರ್ಶಿ. ಹೆಂಗಸರ ಸಂಘಕ್ಕೆ ಗಂಡಸು ಕಾರ್ಯದರ್ಶಿ ಯಾಕೆ ಎಂದು ಹಿಂದೆಯೇ ಕೇಳಿದ್ದೆ. ಪತ್ರ ವ್ಯವಹಾರಕ್ಕಂತೆ. ನಲವತ್ತೆರಡು ಜನರಲ್ಲಿ ಒಂದು ಪತ್ರ ಬರೆಯುವವರು ಇಲ್ಲವಂತೆ. ಎದುರು ಸಾಲಿನ ತಬಸುಮ ಪಿಯುಸಿ ಪಾಸು.

ನಾನು ಮಾಡಿದ ಚಹಾ ಕೈಯಲ್ಲಿ ಹಿಡಿದುಕೊಂಡು, ನನ್ನ ಗಂಡನ ಹತ್ತಿರ, ನಮ್ಮದೇ ಪಡಸಾಲೆಯಲ್ಲಿ ಕುಳಿತು ಹೇಳುತ್ತಾರೆ —

‘ವೈನಿ ಬಾಯಾಗ ನಾಲಿಗಿ ಐತೋ ಇಲ್ಲೋ, ನಮ್ಮ ಅಣ್ಣಗ ಸೈತ ಗೊತ್ತಿರಲಿಲ್ಲ. ಅದಕ್ಕ ಮಾಡೇವಿ ಅಧ್ಯಕ್ಷಿ. ಕೇಳಂಗಿಲ್ಲ, ಹೇಳಂಗಿಲ್ಲ. ತೋರಿಸಿದಲ್ಲಿ ಸಹಿ.’

ಅತ್ತೆ ಒಳಗಿದ್ದರು. ನಡುವೆ ಇರುವುದು ಒಂದು ಗೋಡೆ, ಅದೂ ಅರ್ಧ. ಅನಿಲ ನಕ್ಕ. ನಕ್ಕೇಬಿಟ್ಟನಲ್ಲ! ನಾಳೆಯಿಂದ ಅವನ ಚಹಾಕ್ಕೆ ಸಕ್ಕರೆ ಇಲ್ಲ.

ಇಂಗ್ಲಿಷಿನಲ್ಲಿ ಡೈರಿ ಬರೆಯುವ ರೂಢಿ ನನ್ನದು. ಈ ಸಿಟ್ಟಿಗೆ ಅದು ಸಾಲದು, ಕನ್ನಡವೇ ಬೇಕು.

ಜೂನ್ 14, ಶನಿವಾರ

ಅಧ್ಯಕ್ಷೆ ಮಾಡಿದ್ದು ಯಾಕೆ ಎಂದು ಇವತ್ತು ತಿಳಿಯಿತು. ಕಾಕಾ ಒಂದು ಠರಾವಿನ ಕಾಗದ ತಂದರು. ಸಂಘದ ಶೆಡ್ಡನ್ನು ಪವರ್‌ಲೂಮ್ ಇಡುವವರಿಗೆ ಹತ್ತು ವರ್ಷ ಬಿಟ್ಟುಕೊಡುವುದು. ಅಧ್ಯಕ್ಷರ ಸಹಿ ಬಿದ್ದರೆ ಮುಗಿಯಿತು.

‘ಖಾಲಿ ಬಿದ್ದೈತ್ರಿ ವೈನಿ. ಇಲಿ ಆಡಾಕತ್ತಾವು.’

ಶುದ್ಧ ಸುಳ್ಳು. ದಿನಾ ಮಧ್ಯಾಹ್ನ ಅಲ್ಲಿ ಹತ್ತಾರು ಹೆಂಗಸರು ಕೊಂಡಿ ಹಾಕುತ್ತಿರುತ್ತಾರೆ. ನಾನೇ ನೋಡಿದ್ದೇನೆ. ಇಳಕಲ್ ಸೀರೆಯ ಒಡಲಿನ ಹಾಸು, ಅಂದರೆ ಉದ್ದನೆಯ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ, ಕೊಂಡಿಯಂತೆ ಒಂದರೊಳಗೊಂದು ಸಿಕ್ಕಿಸಬೇಕು. ಸಾವಿರಾರು ಎಳೆ. ಒಬ್ಬರು ಈಚೆ, ಒಬ್ಬರು ಆಚೆ, ಎದುರುಬದುರು. ಒಬ್ಬರು ಜಗ್ಗಿದರೆ ಸಾಲಿಗೆ ಸಾಲೇ ಜಾರುತ್ತದೆ. ಶೆಡ್ ಬರುವ ಮೊದಲು ಈ ಕೆಲಸಕ್ಕೂ ಹಾಸು ಚಾಚುವುದಕ್ಕೂ ಓಣಿಯೇ ಗತಿ. ಬೈಕ್ ಬಂದಾಗಲೆಲ್ಲ ಏಳುವುದು, ಮಳೆ ಬಂದಾಗಲೆಲ್ಲ ಬಾಚಿಕೊಂಡು ಓಡುವುದು.

ಈಗ ಅತ್ತೆ ಎದ್ದು ನಿಂತು ‘ಆಗಂಗಿಲ್ಲ’ ಅನ್ನುತ್ತಾರೆ ಎಂದು ಕಾದು ನಿಂತೆ.

ಅತ್ತೆ ಕಾಗದ ಮಡಚಿ, ಗೂಟದ ಚೀಲದಲ್ಲಿ ಹಾಕಿ, ‘ನೋಡ್ತೇನಿ’ ಅಂದರು.

ನೋಡ್ತೇನಿ.

ಜೂನ್ 19, ಗುರುವಾರ

ಕಾಗದ ಚೀಲದಲ್ಲೇ ಇದೆ. ಕಾಕಾ ಮೂರು ಸಲ ಬಂದು ಹೋದರು. ಅತ್ತೆ ಹೌದೂ ಅನ್ನುವುದಿಲ್ಲ, ಇಲ್ಲವೂ ಅನ್ನುವುದಿಲ್ಲ. ಸ್ಕೂಲಿನಲ್ಲಿ ನಾನು ಹೌಸ್ ಕ್ಯಾಪ್ಟನ್ ಆಗಿದ್ದೆ. ಅಸೆಂಬ್ಲಿಯಲ್ಲಿ ಮೈಕ್ ಇಲ್ಲದೆ ಕೊನೆಯ ಸಾಲಿಗೆ ಕೇಳಿಸುತ್ತಿದ್ದೆ. ಲೀಡರ್ ಅಂದರೆ ಅದು. ಇವರೋ, ಮಗ್ಗದಲ್ಲೇ ಹಾಕಬೇಕಾದ ಕೊಂಡಿಗೆಂದು ದಿನಕ್ಕೆ ಎರಡು ಮನೆಯಂತೆ ಹೋಗಿ ಬರುತ್ತಾರೆ, ಏನೂ ಆಗೇ ಇಲ್ಲವೆಂಬಂತೆ.

ಇವತ್ತು ತಬಸುಮಳ ಮನೆಗೆ ನಾನೂ ಹೋದೆ. ಅತ್ತೆ ಈಚೆ, ತಬಸುಮ ಆಚೆ. ಅರ್ಧ ತಾಸು ಮಾತೇ ಇಲ್ಲ. ಅತ್ತೆ ಸುಮ್ಮನಿದ್ದರೆ ಎದುರಿಗಿದ್ದವರಿಗೆ ಬಾಯಿ ಬರುತ್ತದೆ. ನನಗೇ ಗೊತ್ತು. ಮದುವೆಯ ಎರಡನೆಯ ವಾರ ಅವರ ಎದುರು ಕುಳಿತು ಕಾಳು ಆರಿಸುವಾಗ, ಹತ್ತನೆಯ ಕ್ಲಾಸಿನ ಹಿಂದಿ ಪೇಪರಿನಲ್ಲಿ ಕಾಪಿ ಹೊಡೆದದ್ದನ್ನು ಹೇಳಿಬಿಟ್ಟಿದ್ದೆ. ಯಾರೂ ಕೇಳಿರಲಿಲ್ಲ. ಅನಿಲನಿಗೆ ಇವತ್ತಿಗೂ ಗೊತ್ತಿಲ್ಲ, ಅಂದರೆ ಅತ್ತೆ ಹೇಳಿಲ್ಲ.

ತಬಸುಮ ತಾನಾಗಿಯೇ ಶುರು ಮಾಡಿದಳು.

‘ಶೆಡ್ ಹೋಗಬಾರದ್ರಿ ಚಿಗವ್ವ. ಹೋದ್ರ ನಾವು ಮತ್ತ ಓಣ್ಯಾಗ. ಆದ್ರ ನನ್ನ ಹೆಸರ ಎಲ್ಲೂ ಬ್ಯಾಡ. ನಮ್ಮನಿಯವ್ರು ನೇಯೂದು ನಾಗಲಿಂಗಪ್ಪನ ನೂಲು.’

ಗಂಡ ಅಶ್ಫಾಕನಿಗೆ ನೂಲು ಕೊಡುವವರು ಕಾಕಾ. ಅವಳ ಭಯ ಸರಿಯೇ.

ಅತ್ತೆ ‘ಹ್ಞೂಂ’ ಅಂದರು. ನನಗೆ ಮೈಯೆಲ್ಲ ಕುದಿಯಿತು. ಇಷ್ಟು ಹೆಂಗಸರು ಹೆದರಿಕೊಂಡು ಬದುಕಬೇಕೇ?

ಜೂನ್ 22, ಭಾನುವಾರ

ಮೀಟಿಂಗ್ ಆಯಿತು. ನಾನು ಮಾತಾಡಿದೆ. ನಾನು ಸಂಘದ ಮೆಂಬರ್ ಅಲ್ಲ, ಅಧ್ಯಕ್ಷರ ಸೊಸೆ ಅಷ್ಟೇ; ಆದರೂ ಎದ್ದೆ. ಕಾಕಾ ಎಲ್ಲರೆದುರು ‘ಅಧ್ಯಕ್ಷರು ಮಾತಾಡ್ಲಿ, ಅಥವಾ ಸಹಿ ಮಾಡ್ಲಿ. ಎರಡರಾಗ ಒಂದಾರ ಬರತೈತೇನು ಕೇಳ್ರಿ’ ಎಂದು ನಕ್ಕರೆ, ನಲವತ್ತೆರಡು ಜನ ನೆಲ ನೋಡುತ್ತ ಕುಳಿತರೆ, ನಾನಾದರೂ ಏನು ಮಾಡಬೇಕಿತ್ತು?

ಶೆಡ್ ಖಾಲಿ ಇದೆ ಎನ್ನುವುದು ಸುಳ್ಳು ಅಂದೆ. ಇಲ್ಲಿರುವ ಯಾರಿಗೂ ಶೆಡ್ ಬಿಟ್ಟುಕೊಡುವ ಮನಸ್ಸಿಲ್ಲ ಅಂದೆ. ‘ಹೆದರಿ ಸುಮ್ನ ಅದಾರ. ತಬಸುಮನ್ನ ಕೇಳ್ರಿ, ಅಕೀನ ಹೇಳ್ಯಾಳ’ ಅಂದೆ. ಕೈ ಎತ್ತಿ ಅವಳನ್ನು ತೋರಿಸಿದೆ ಕೂಡ.

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ತಬಸುಮ ಎದ್ದು ಹೋದಳು. ಅತ್ತೆ ನನ್ನ ಕಡೆ ನೋಡಲಿಲ್ಲ. ಯಾವ ತೀರ್ಮಾನವೂ ಆಗದೆ ಸಭೆ ಮುಂದಕ್ಕೆ ಹೋಯಿತು.

ದಾರಿಯುದ್ದಕ್ಕೂ ಅನಿಲ ಒಂದು ಮಾತಾಡಲಿಲ್ಲ. ಮೂಗರ ಮನೆತನ. ಯಾರಾದರೂ ಒಬ್ಬರು ಬಾಯಿ ತೆಗೆಯಲೇಬೇಕಿತ್ತು. ನಾನು ಮಾಡಿದ್ದು ಸರಿ.

ಜೂನ್ 24, ಮಂಗಳವಾರ

ಸರಿಯಲ್ಲ.

ಕಾಕಾ ನಿನ್ನೆ ಅಶ್ಫಾಕನ ನೂಲು ನಿಲ್ಲಿಸಿದರು. ಮಗ್ಗ ಖಾಲಿ. ಕ್ಷಮೆ ಕೇಳಲು ಓಡಿದೆ. ತಬಸುಮ ಬಾಗಿಲಲ್ಲೇ ನಿಲ್ಲಿಸಿದಳು.

‘ಇಂಗ್ಲಿಷ್ ಸಾಲ್ಯಾಗ ಬಾಯಿ ತಗಿಯೂದು ಅಷ್ಟ ಕಲಿಸ್ತಾರೇನ? ಮುಚ್ಚೂದು ಕಲಿಸಂಗಿಲ್ಲ?’

‘ತಬಸುಮ, ನಾ ನಿಮ್ಮ ಒಳ್ಳೇದಕ್ಕ…’

‘ನಿಮ್ಮ ಅತ್ತಿ ಮೂವತ್ತ ವರ್ಷ ಮನಿಮನಿ ಕುಂತು ಕೊಂಡಿ ಹಾಕ್ಯಾರ. ಯಾರ ಮನ್ಯಾಗ ಏನ ನಡದೈತಿ ಎಲ್ಲಾ ಗೊತ್ತೈತಿ ಅವರಿಗೆ. ಒಂದ ಮಾತು ಹೊರಗ ಬಂದಿರಲಿಲ್ಲ. ನೀ ಐವತ್ತ ದಿನದಾಗ ತಂದಿ.’

ಬಾಗಿಲು ಹಾಕಿಕೊಂಡಳು. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಲಿ? ಕಾಕಾನ ಮೇಲೆ ಇದ್ದೇ ಇದೆ. ಉಳಿದದ್ದು ನನ್ನ ಮೇಲೆ.

ಇನ್ನೂ ಕೆಟ್ಟದ್ದು ಸಂಜೆ. ಅತ್ತೆ ಸಂಘದ ಪ್ರೇಮಾಬಾಯಿಯ ಮನೆಗೆ ಕೊಂಡಿ ಹಾಕಲು ಹೋಗಿ ಬೇಗ ಬಂದರು. ಎದುರು ಕುಳಿತವರು ತುಟಿ ಬಿಚ್ಚಲಿಲ್ಲವಂತೆ. ಅತ್ತೆಯೇ ಮಾತು ಸೊಸೆಗೆ ದಾಟಿಸಿದರು ಎಂದು ಓಣಿ ತಿಳಿದುಕೊಂಡಿದೆ. ನಾನು ಅಲ್ಲೇ ಕುಳಿತಿದ್ದೆ, ನಾನೇ ಕೇಳಿಸಿಕೊಂಡೆ ಎಂದು ಅತ್ತೆ ಯಾರಿಗೂ ಹೇಳಿಲ್ಲ.

ಒಂದು ಬೈಗುಳವಾದರೂ ಬಯ್ಯಬಾರದೇ?

ಜೂನ್ 26, ಗುರುವಾರ

ಆಷಾಢ ಹತ್ತಿತು. ಹೊಸ ಸೊಸೆ ಅತ್ತೆಯ ಮನೆಯಲ್ಲಿರಬಾರದು, ಕಳಿಸಿಕೊಡಿ ಎಂದು ಅಮ್ಮ ಫೋನ್ ಮಾಡಿದಳು. ಒಳ್ಳೆಯ ನೆವ. ಬ್ಯಾಗ್ ತುಂಬಿದೆ. ಅನಿಲ ತಡೆಯಲಿಲ್ಲ. ತಡೆಯಬಹುದಿತ್ತು. ಹನಿಮೂನ್ ಎಂದು ಒಂದೇ ದಿನ ಬಾದಾಮಿಗೆ ಕರೆದುಕೊಂಡು ಹೋಗಿ, ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ಏನೇನೋ ಹೇಳಿದ್ದ ಮನುಷ್ಯ ಇವನೇ.

ಬಸ್ಸಿಗೆ ಹೊರಟಾಗ ಅತ್ತೆ ಫೋನ್ ಕೇಳಿದರು. ನನ್ನ ಅಮ್ಮನ ಹತ್ತಿರ ಅವರು ಆಡಿದ್ದು ಇಷ್ಟು —

‘ಬೀಗತಿ, ನಿಮ್ಮ ಮಗಳನ್ನ ಪಂಚಮಿಗೆ ಕಳಸ್ತೇನಿ. ಈಗ ನನಗ ಎದುರಿಗೆ ಕುಂದ್ರಾಕ ಮಂದಿ ಇಲ್ಲ.’

ಬ್ಯಾಗ್ ಒಳಗಿಟ್ಟರು. ಹಾಸು ಬಿಚ್ಚಿದರು. ‘ಕುಂದ್ರು’ ಅಂದರು.

ಕುಳಿತೆ. ಒಂದು ತಾಸಿಗೆ ನಾಲ್ಕು ಸಲ ಎಳೆ ಜಾರಿಸಿದೆ. ನಾಲ್ಕು ಸಲವೂ ಬಾಯಿ ತೆರೆದು ಏನೋ ಹೇಳಲು ಹೋದಾಗಲೇ.

ಜುಲೈ 11, ಶುಕ್ರವಾರ

ಹದಿನೈದು ದಿನ ಬರೆದಿಲ್ಲ. ಬೆರಳ ತುದಿ ಸುಲಿದಿತ್ತು.

ನಮ್ಮ ಮಗ್ಗಕ್ಕೆ ಬಂದಿದ್ದ ಹಾಸನ್ನು ಅತ್ತೆ ಅಶ್ಫಾಕನ ಮಗ್ಗಕ್ಕೆ ಒಯ್ದರು. ತಲೆಯ ಮೇಲೆ ಹೊತ್ತು, ಹಗಲಿನಲ್ಲಿ, ಕಾಕಾನ ಅಂಗಡಿಯ ಮುಂದಿನಿಂದಲೇ. ನಮ್ಮ ಮಗ್ಗ ಈಗ ಖಾಲಿ. ಕಾಕಾ ಮನೆಗೆ ಬಂದು ಕೂಗಾಡಿದರು.

‘ಮನಿ ಹಾಸು ಮಂದಿಗಿ ಕೊಟ್ಟು ನೀವೇನ ಉಣ್ತೀರಿ ವೈನಿ?’

‘ರೊಟ್ಟಿ.’

ನನಗೆ ನಗು ತಡೆಯಲಾಗಲಿಲ್ಲ. ಒಳಗೆ ಹೋಗಿ ನಕ್ಕೆ. ಅನಿಲನೂ ಹಿಂದೆಯೇ ಬಂದು ನಕ್ಕ. ಈ ಸಲ ನಕ್ಕಿದ್ದಕ್ಕೆ ಸಕ್ಕರೆ ವಾಪಸ್.

ತಬಸುಮಳ ಎದುರು ಕೊಂಡಿಗೆ ಅತ್ತೆ ನನ್ನನ್ನು ಕೂರಿಸಿದರು. ಮೊದಲ ದಿನ ಅವಳು ಗೋಡೆ ನೋಡಿಕೊಂಡೇ ಕೈ ಆಡಿಸಿದಳು. ನಾನು ತುಟಿ ಕಚ್ಚಿ ಕುಳಿತೆ. ನಾಲ್ಕನೆಯ ದಿನ ಅವಳೇ, ‘ಎಳಿ ಭಾಳ ಬಿಗಿ ಹಿಡದಿ’ ಅಂದಳು. ಐದನೆಯ ದಿನ ಇನ್ನೇನೋ ಹೇಳಿದಳು. ಅದನ್ನು ಇಲ್ಲಿ ಬರೆಯುವುದಿಲ್ಲ.

ಅತ್ತೆ ಮತ್ತೆ ಮನೆಮನೆಗೆ ಹೋಗುತ್ತಿದ್ದಾರೆ. ಚೀಲದಲ್ಲಿ ಇನ್ನೊಂದು ಕಾಗದ ಸೇರಿದೆ — ತಬಸುಮಳ ಕೈಬರಹ. ಶೆಡ್ ಬಿಡುವುದಿಲ್ಲ ಎಂದು ಎರಡೇ ಸಾಲು, ಕೆಳಗೆ ಎಲ್ಲರ ಸಹಿಗೆ ಜಾಗ. ಸಭೆಯಲ್ಲಿ ಕೈ ಎತ್ತಲು ಹೆದರುವವರು ಕೊಂಡಿ ಮುಗಿದ ಮೇಲೆ, ಯಾರೂ ನೋಡದಾಗ, ಸಹಿ ಹಾಕಿ ಕೊಡುತ್ತಾರೆ. ಮೂವತ್ತೊಂದು ಆಗಿವೆ. ನನಗೆ ಗೊತ್ತು. ಯಾರಿಗೂ ಹೇಳಿಲ್ಲ. ಅನಿಲನಿಗೂ.

ಜುಲೈ 21, ಸೋಮವಾರ

ಕಾಕಾ ಬೆಂಗಳೂರಿಗೆ ಅರ್ಜಿ ಹಾಕಿದ್ದಾರೆ. ಶೆಡ್ ಮಂಜೂರು ಮಾಡಿದ ಆಫೀಸಿಗೆ. ‘ಅಧ್ಯಕ್ಷರಿಗೆ ತಿಳಿವಳಿಕೆ ಇಲ್ಲ, ಮಾತು ಬಾರದು, ಬದಲಾಯಿಸಿ ಶೆಡ್ ಬಿಟ್ಟುಕೊಡಲು ಅನುಮತಿ ಕೊಡಬೇಕು.’ ಅಧ್ಯಕ್ಷರೂ ಕಾರ್ಯದರ್ಶಿಯೂ ಆಗಸ್ಟ್ ಒಂದಕ್ಕೆ ಅಲ್ಲಿ ವಿಚಾರಣೆಗೆ ಹಾಜರಾಗಬೇಕು. ತಿಳಿವಳಿಕೆ ಇಲ್ಲವಂತೆ. ಈ ಮನುಷ್ಯ ದಿನಾ ಕುಡಿಯುವ ಚಹಾದ ಲೋಟ ಬೇರೆ ಇಡಬೇಕು, ಬೇವಿನ ಸೊಪ್ಪು ಹಾಕಿ.

ನಾನು ಬರುತ್ತೇನೆ ಅಂದೆ. ಆಫೀಸರ್ ಇಂಗ್ಲಿಷಿನಲ್ಲಿ ಕೇಳಿದರೆ? ದಾವಣಗೆರೆ ದಾಟಿದರೆ ಅತ್ತೆಯ ಕನ್ನಡ ಯಾರಿಗೆ ತಿಳಿಯಬೇಕು?

‘ತಬಸುಮ ಬರತಾಳ.’

‘ಅಕಿ ಯಾಕ್ರಿ ಅತ್ತಿ? ನಾ ಮನಿ ಸೊಸಿ.’

‘ಶೆಡ್ ಅಕೀದು.’

ಅಳು ಬಂತು, ಸಿಟ್ಟೂ ಬಂತು. ಇಷ್ಟು ದಿನ ಬೆರಳು ಸುಲಿಸಿಕೊಂಡದ್ದು ಯಾಕೆ ಹಾಗಾದರೆ? ಅತ್ತೆ ಸೊಂಟದಿಂದ ಶೆಡ್ಡಿನ ಕೀಲಿಕೈ ಬಿಚ್ಚಿ ನನ್ನ ಕೈಯಲ್ಲಿಟ್ಟರು. ಪಂಚಮಿಯಿಂದ ವಿಚಾರಣೆ ಮುಗಿಯುವ ತನಕ ಶೆಡ್ಡಿಗೆ ಬೀಗ; ಕೀಲಿಕೈ ನನ್ನ ಹತ್ತಿರ ಇದೆ ಎಂದು ಯಾರಿಗೂ ಗೊತ್ತಾಗಬಾರದು. ನನಗೆ. ಇಡೀ ಓಣಿ ಬಿಟ್ಟು ನನಗೆ.

ಜುಲೈ 30, ಬುಧವಾರ, ನವನಗರ

ಪಂಚಮಿಗೆ ತವರಿಗೆ ಬಂದೆ. ಬಸ್ಸು ಅಮೀನಗಡದಲ್ಲಿ ನಿಂತಾಗ ಅತ್ತೆಯ ಪ್ರಯಾಣಕ್ಕೆಂದು ಕರದಂಟು ಕೊಂಡೆ.

ಮಧ್ಯಾಹ್ನ ಕಾಕಾ ಇಲ್ಲಿಗೇ ಬಂದರು. ಹಬ್ಬದ ನೆವ. ಅಮ್ಮ ಉಂಡಿ ಕೊಟ್ಟಳು, ಅದನ್ನೂ ತಿಂದರು.

‘ಶೀಲಾ, ಶೆಡ್ಡಿನ ಕೀಲಿಕೈ ವೈನಿ ಎಲ್ಲಿಟ್ಟಾರ, ಗೊತ್ತೇನ ಯವ್ವಾ?’

ನನ್ನ ಪರ್ಸಿನಲ್ಲಿತ್ತು, ಅವರ ಮೊಣಕಾಲಿನಿಂದ ಒಂದು ಗೇಣು ದೂರ. ಬಾಯಿಗೆ ಏನೇನು ಬಂತು ಎಂದರೆ — ಬೈಗುಳ, ಸುಳ್ಳು, ಸ್ಕೂಲಿನ ಡಿಬೇಟ್, ಎಲ್ಲ. ಅತ್ತೆಯ ಎದುರು ಕುಳಿತಂತೆ ಕುಳಿತೆ. ಕೈ ಮಡಿಲಲ್ಲಿ. ನೋಡುತ್ತ.

ಸುಮ್ಮನಿರುವುದು ಎಷ್ಟು ಕಷ್ಟದ ಕೆಲಸ. ಇದನ್ನು ಮೂವತ್ತು ವರ್ಷ ಮಾಡಿದವರನ್ನು ನಾನು ಏನೂ ಮಾಡದವರು ಅಂದುಕೊಂಡಿದ್ದೆ.

ಕಾಕಾಗೆ ತಡೆಯಲಾಗಲಿಲ್ಲ. ‘ಅಲ್ಲವಾ, ಒಂದೆರಡು ಸಾಮಾನ ಇಡೂದಿತ್ತು… ವಿಚಾರಣಿಗಿಂತ ಮೊದಲ ಇಟ್ರ ಚಲೋ… ಮಷಿನ್ ಇಟ್ಟ ಮ್ಯಾಲ ಯಾರು ತಗಸ್ತಾರ…’ ಅಂದರು. ಆಮೇಲೆ ತಮ್ಮ ಮಾತು ತಮಗೇ ಕೇಳಿಸಿ ಎದ್ದು ಹೋದರು.

ಅಮ್ಮ ನನ್ನ ಹಣೆ ಮುಟ್ಟಿ ನೋಡಿದಳು. ‘ಜ್ವರ ಏನ ಬಂದಾವೇನ? ಇಷ್ಟೊತ್ತು ಸುಮ್ನಿದ್ದಿ.’

ಜುಲೈ 31, ಗುರುವಾರ, ಸಂಜೆ

ಸ್ಟೇಷನ್ನಿಗೆ ಹೋಗಿ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿಸಿ ಬಂದೆ. ಅತ್ತೆ ಹಸಿರು ಇಳಕಲ್ ಸೀರೆ, ತಾವೇ ಕೊಂಡಿ ಹಾಕಿದ್ದು. ತಬಸುಮಳ ಕೈಯಲ್ಲಿ ಚೀಲ. ಕಾಗದದಲ್ಲಿ ನಲವತ್ತೆರಡು ಸಹಿ ತುಂಬಿವೆ, ಕೊನೆಯದು ತಬಸುಮಳದು — ಬರೆದುಕೊಟ್ಟವಳೇ ಕೊನೆಗೆ ಹಾಕಿದಳು, ಗಂಡನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು, ಹಗಲಿನಲ್ಲಿ. ಕಾಕಾ ಸ್ಲೀಪರ್ ಬಸ್ಸಿಗೆ ಹೋದರಂತೆ.

ಕಿಟಕಿಯಲ್ಲಿ ಅತ್ತೆಯ ಕೈ ತಣ್ಣಗಿತ್ತು. ನನ್ನ ಬೆರಳು ಬಿಡುತ್ತಿರಲಿಲ್ಲ.

‘ಅಂಜಿಕಿ ಬರತೈತೇನ್ರಿ ಅತ್ತಿ?’

‘ಹ್ಞೂಂ.’

ಅವರಿಗೆ ಹೆದರಿಕೆಯೇ ಇಲ್ಲ ಅಂದುಕೊಂಡಿದ್ದೆನೋ, ಅಥವಾ ಬರೀ ಹೆದರಿಕೆಯೇ ಅಂದುಕೊಂಡಿದ್ದೆನೋ… ಎರಡೂ ತಪ್ಪು. ಹೆದರಿಕೊಂಡೇ ಹೋಗುತ್ತಿದ್ದಾರೆ.

ಆಗಸ್ಟ್ 1, ಶುಕ್ರವಾರ, ಸಂಜೆ ನಾಲ್ಕೂವರೆ

ಬೆಳಿಗ್ಗೆಯಿಂದ ಫೋನ್ ಕೈಯಲ್ಲಿ. ಈಗ ಬಂತು. ತಬಸುಮ. ಒಂದೇ ಉಸಿರಿಗೆ ಹೇಳಿದಳು, ಮರೆತುಹೋಗುವ ಮೊದಲು ಬರೆದುಕೊಳ್ಳುತ್ತೇನೆ.

‘ಸಾಹೇಬ್ರು ಕೇಳಿದ್ರವಾ, ಯಾಕ್ರೀ ಸಹಿ ಮಾಡ್ತಿಲ್ಲ ಅಂತ. ನಿಮ್ಮ ಅತ್ತಿ ಸುಮ್ನ. ಮತ್ತ ಕೇಳಿದ್ರು. ಸುಮ್ನ. ಫ್ಯಾನ ಒಂದ ಕರಕರ. ಸಾಹೇಬ್ರು ಪೆನ್ ಕೆಳಗಿಟ್ಟು ನೋಡಾಕತ್ರು. ಆವಾಗ ನಿಮ್ಮ ಕಾಕಾಗ ಕುಂದ್ರಾಕ ಆಗಲಿಲ್ಲ ನೋಡು. “ಅಕಿಗೆ ತಿಳಿಯೂದಿಲ್ರಿ ಸಾಹೇಬ್ರ, ಮಷಿನ್ ಬಂದು ನಿಂತಾವ್ರಿ, ಮೇ ತಿಂಗಳದಾಗ ನಾ ಕರಾರ ಬರಕೊಟ್ಟೇನ್ರಿ” ಅಂದ.’

‘ಮೇ ತಿಂಗಳದಾಗ? ಅತ್ತಿ ಅಧ್ಯಕ್ಷಿ ಆಗಿದ್ದು ಜೂನ್‌ದಾಗ.’

‘ಅದನ್ನ ಸಾಹೇಬ್ರು ಕೇಳಿದ್ರು. ಠರಾವು ಇಲ್ದ, ಯಾರ ಸಹಿ ಮ್ಯಾಲ ಬರಕೊಟ್ರಿ ಅಂತ. ಕಾಕಾ ಅರ್ಜಿ ಹಿಂದ ಮುಂದ ಹೊರಳಿಸಾಕತ್ತ. ಆಮ್ಯಾಲ ಅತ್ತಿ ಎದ್ದು ನಿಂತ್ರು. ಕಾಗದ ಮುಂದ ಇಟ್ರು. “ಕೊಡಾಕ ಶೆಡ್ ನಂದಲ್ರಿ. ಇವರ್ದು” ಅಂದ್ರು. ಅಷ್ಟ. ನಲವತ್ತೆರಡೂ ಹೆಸರು ಓದಿದ್ರು ಸಾಹೇಬ್ರು, ಒಂದೊಂದ. ಕರಾರ ರದ್ದು ಅಂತ ಬರದ್ರು.’

ನಾನು ಕಿರುಚಿದೆ. ಪಕ್ಕದ ಮನೆಯವರು ಹೊರಗೆ ಬಂದರು. ಕಿರುಚಬಾರದೆಂದು ಯಾರೂ ಹೇಳಿಲ್ಲ.

‘ನಿಮ್ಮ ಅತ್ತಿಗಿ ಕೊಡ್ತೇನಿ, ತಡಿ.’

ಅತ್ತೆ ಫೋನಿನಲ್ಲಿ. ನನ್ನೊಡನೆ ಹೀಗೆ ಎಂದೂ ಮಾತಾಡಿದವರಲ್ಲ. ಉಸಿರು ಕೇಳಿಸುತ್ತಿತ್ತು. ನಾನೂ ಸುಮ್ಮನಿದ್ದೆ. ಕಾದೆ. ಎಳೆ ಜಾರದ ಹಾಗೆ.

‘ಶೀಲಾ, ಕೀಲಿಕೈ ಐತಿಲ್ಲೋ?’

‘ಐತ್ರಿ.’

‘ಸ್ಟೇಷನ್ನಿಗೆ ತಗೊಂಡ ಬಾ. ಅಲ್ಲಿಂದ ಸೀದಾ ಶೆಡ್ಡಿಗೆ ಹೋಗೂಣು. ಹಾಸು ಕಾಯಾಕತ್ತಾವು.’ ಇಷ್ಟು ಉದ್ದ ಅವರು ಮಾತಾಡಿದ್ದು ಇದೇ ಮೊದಲು, ಮುಗಿಯಿತು ಅಂದುಕೊಂಡೆ, ಮುಗಿದಿರಲಿಲ್ಲ. ‘ನಾಳೆ ಶನಿವಾರ ಮುಂಜಾನೆ, ಗೋಲಗುಂಬಜ್ ಗಾಡಿಗೆ ಬರತೇನಿ, ಬಾಗಲಕೋಟಿಗೆ…’